ಹಟ್ಟಿಯಲ್ಲಿ ಐಬಿಆರ್ ಇದೆಯೇ? ಕಾಸರಗೋಡಿನ ಹೈನುಗಾರರಿಗೆ ಪತ್ತೆಯ ಮತ್ತು ಲೆಕ್ಕದ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಅಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಆಸುಪಾಸಿನಲ್ಲಿ, ಹೆಚ್ಚಿನ ಹಟ್ಟಿಗಳಲ್ಲಿ ಇರುವುದು ಮೂರು ನಾಲ್ಕು ದನಗಳು. ಅವುಗಳಲ್ಲಿ ಒಂದು ಆರನೇ ತಿಂಗಳಿನಲ್ಲಿ ಕಂದು ಹಾಕಿದರೆ, ಅಂಗಳದಲ್ಲಿ ಜಾರಿ ಬಿದ್ದಿರಬೇಕು, ಹಿಂಡಿ ಹಾಳಾಗಿತ್ತೇನೋ ಎಂದು ಮನೆಯವರು ಏನಾದರೊಂದು ಕಾರಣವನ್ನು ಊಹಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಇನ್ನೊಂದು ದನಕ್ಕೆ ನಾಲ್ಕು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲದಿದ್ದರೆ ಅದನ್ನು ಮಾರಿಬಿಡುತ್ತಾರೆ. ಅದೇ ಸಂಘಕ್ಕೆ ಹಾಲು ಹಾಕುವ ಬೇರೆ ಮೂರು ಮನೆಗಳಲ್ಲಿ ಅದೇ ವರ್ಷ ಅದೇ ನಷ್ಟ ಆಗಿರಬಹುದು. ಆದರೆ ಈ ಘಟನೆಗಳನ್ನು ಒಟ್ಟಿಗಿಟ್ಟು ನೋಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಹಾಗೆ ನೋಡಿದಾಗ ಸಂಶಯಪಡಬೇಕಾದ ರೋಗಗಳಲ್ಲಿ ಒಂದು ಐಬಿಆರ್ (ಇನ್‌ಫೆಕ್ಷಿಯಸ್ ಬೋವೈನ್ ರೈನೋಟ್ರೇಕಿಯೈಟಿಸ್). ಮೂಗು ಮತ್ತು ಶ್ವಾಸನಾಳದ ಉರಿಯೂತವನ್ನು ಉಂಟುಮಾಡುವ ಈ ಸಾಂಕ್ರಾಮಿಕ ರೋಗಕ್ಕೆ ಕಾರಣ ದನಗಳ ಹರ್ಪಿಸ್ ವೈರಾಣು-1. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1976ರಲ್ಲಿ, ಉತ್ತರ ಪ್ರದೇಶದಿಂದ. ಆ ಬಳಿಕ ದೇಶದ ನಾನಾ ಕಡೆ ನಡೆದ ರಕ್ತ ಪರೀಕ್ಷೆಗಳಲ್ಲಿ ಇದರ ಗುರುತು ಸಿಗುತ್ತಲೇ ಬಂದಿದೆ. ಪರೀಕ್ಷಿಸಿದ ದನಗಳಲ್ಲಿ ಮೂರನೇ ಒಂದು ಭಾಗದ ಆಸುಪಾಸಿಗೆ ಸೋಂಕು ತಾಗಿದ್ದು ಕಂಡುಬಂದರೆ ಅದು ಅಚ್ಚರಿಯ ಸುದ್ದಿಯೇನೂ ಅಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿಯೂ ಈ ರೋಗವಿದೆ. ಮನುಷ್ಯರಿಗೆ ಇದು ಹರಡುವುದಿಲ್ಲ.

ಈ ವೈರಾಣುವಿನ ಒಂದು ಗುಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಎಲ್ಲ ಹೆಜ್ಜೆಗಳೂ ಅರ್ಥವಾಗುತ್ತವೆ. ಒಮ್ಮೆ ಸೋಂಕು ತಾಗಿದ ದನ ಒಂದೆರಡು ವಾರಗಳಲ್ಲಿ ಚೇತರಿಸಿಕೊಂಡರೂ ವೈರಾಣು ಅದರ ಮೈಬಿಟ್ಟು ಹೋಗುವುದಿಲ್ಲ; ಮುಖದ ಅಥವಾ ಸೊಂಟದ ಭಾಗದ ನರಗಂಟುಗಳಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಜೀವಮಾನವಿಡೀ ಉಳಿಯುತ್ತದೆ. ಕರು ಹಾಕುವಾಗಿನ ದಣಿವು, ಲಾರಿಯಲ್ಲಿ ದೂರದ ಪ್ರಯಾಣ, ಬೇರೊಂದು ಕಾಯಿಲೆ, ಸ್ಟಿರಾಯ್ಡ್ ಇಂಜೆಕ್ಷನ್, ಇವುಗಳಲ್ಲಿ ಯಾವುದಾದರೂ ಒಂದು ಕಾರಣದಿಂದ ಅದು ಮತ್ತೆ ಎಚ್ಚೆತ್ತು, ದನದಲ್ಲಿ ಏನೂ ಲಕ್ಷಣ ಕಾಣಿಸದಿದ್ದರೂ ಮೂಗಿನ ನೀರಿನಲ್ಲಿ ಹೊರಬರುತ್ತದೆ. ಆದುದರಿಂದ ಯಾವ ದನಕ್ಕೆ ಕಾಯಿಲೆಯಾಗಿದೆ ಎಂಬುದಷ್ಟನ್ನೇ ನೋಡಿದರೆ ಸಾಲದು. ವೈರಾಣು ನಮ್ಮ ಹಟ್ಟಿಯಲ್ಲಿ, ನಮ್ಮ ಊರಿನಲ್ಲಿ ನೆಲೆಸಿದೆಯೇ, ನೆಲೆಸಿದ್ದರೆ ಯಾವ ದನಗಳಲ್ಲಿ, ಈಗಲೂ ಹರಡುತ್ತಿದೆಯೇ ಎಂದು ತಿಳಿಯಬೇಕು.

ಮೊದಲ ಹೆಜ್ಜೆ: ಹಿಂಡು ಯಾವುದು ಎಂದು ನಿರ್ಧರಿಸಿ, ಪಟ್ಟಿ ಮಾಡುವುದು

ನೂರಾರು ದನಗಳಿರುವ ಫಾರ್ಮಿನಲ್ಲಿ ಹಿಂಡು ಎಂದರೇನು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ನಮ್ಮಲ್ಲಿ ಹಾಗಲ್ಲ. ತೋಟದ ಬದಿಯಲ್ಲಿ ಒಟ್ಟಿಗೆ ಮೇಯುವ, ಒಂದೇ ಹೋರಿಯನ್ನು ಹಂಚಿಕೊಳ್ಳುವ, ಒಬ್ಬನೇ ವ್ಯಾಪಾರಿಯಿಂದ ಕೊಂಡ ದನಗಳಿರುವ ಹತ್ತಿಪ್ಪತ್ತು ಮನೆಗಳು ಸೇರಿ ಒಂದು ಹಿಂಡಾಗುತ್ತವೆ. ಹಾಲು ಉತ್ಪಾದಕರ ಸಹಕಾರಿ ಸಂಘದ ವ್ಯಾಪ್ತಿಯನ್ನು ಹಿಂಡಿನ ಗಡಿಯಾಗಿ ಇಟ್ಟುಕೊಳ್ಳುವುದು ಅತ್ಯಂತ ಅನುಕೂಲಕರವೆಂದು ನನ್ನ ಅಭಿಪ್ರಾಯ, ಏಕೆಂದರೆ ಸದಸ್ಯರ ಪಟ್ಟಿ ಅಲ್ಲಿ ಸಿದ್ಧವಾಗಿರುತ್ತದೆ ಮತ್ತು ಬೆಳಗ್ಗೆ ಸಂಜೆ ಎಲ್ಲರೂ ಅಲ್ಲಿ ಸೇರುತ್ತಾರೆ.

ಒಂದು ಪುಸ್ತಕದಲ್ಲಿ ಪ್ರತಿ ಮನೆಯ ಪ್ರತಿ ದನಕ್ಕೂ ಒಂದು ಸಾಲು ಮೀಸಲಿಡಿ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ತಳಿ, ಪ್ರಾಯ, ಮನೆಯಲ್ಲೇ ಹುಟ್ಟಿದ್ದೋ ಕೊಂಡದ್ದೋ, ಕೊಂಡದ್ದಾದರೆ ಎಲ್ಲಿಂದ ಮತ್ತು ಯಾವಾಗ, ಕೃತಕ ಗರ್ಭಧಾರಣೆ ಮಾಡಿಸಿದ ತಾರೀಕುಗಳು, ಹೋರಿಗೆ ಬಿಟ್ಟದ್ದು, ಕರು ಹಾಕಿದ ತಾರೀಕು, ಕಂದು ಹಾಕಿದ್ದರೆ ಎಷ್ಟನೇ ತಿಂಗಳಿನಲ್ಲಿ, ಯಾವ ಯಾವ ಲಸಿಕೆ ಹಾಕಿಸಿದ್ದು ಎಂಬುದನ್ನು ಬರೆಯಿರಿ. ಮನೆಯಲ್ಲೇ ಹುಟ್ಟಿದ್ದೋ ಕೊಂಡದ್ದೋ ಎಂಬ ಅಂಕಣವನ್ನು ಖಾಲಿ ಬಿಡಲೇಬಾರದು. ಇಲ್ಲಿಗೆ ಬರುವ ಮಿಶ್ರತಳಿಯ ಹಾಲಿನ ದನಗಳಲ್ಲಿ ಬಹಳಷ್ಟು ಕರ್ನಾಟಕದ ಮತ್ತು ತಮಿಳುನಾಡಿನ ಕಡೆಯಿಂದ, ಕೈಯಿಂದ ಕೈಗೆ ದಾಟಿ ಬರುವಂಥವು. ಈ ಪುಸ್ತಕದ ಅತ್ಯಂತ ಬೆಲೆಬಾಳುವ ಮಾಹಿತಿ ಆ ಅಂಕಣದಲ್ಲೇ ಇರುತ್ತದೆ. ಎಮ್ಮೆಗಳಿದ್ದರೆ ಅವನ್ನೂ ಸೇರಿಸಿ, ಅವುಗಳಿಗೂ ಸೋಂಕು ತಾಗುತ್ತದೆ.

ಎರಡನೇ ಹೆಜ್ಜೆ: ಲಕ್ಷಣಗಳನ್ನು ಗುರುತಿಸುವುದು, ಆದರೆ ಅವುಗಳನ್ನೇ ನಂಬಿ ತೀರ್ಮಾನಿಸದಿರುವುದು

ಸೋಂಕು ತಾಗಿದ ಎರಡರಿಂದ ನಾಲ್ಕು ದಿನಗಳಲ್ಲಿ ಜ್ವರ, ಮೂಗಿನಿಂದ ತಿಳಿನೀರು, ಜೊಲ್ಲು, ಕಣ್ಣು ಕೆಂಪಾಗಿ ನೀರು ಸುರಿಯುವುದು, ಮೇವು ಬಿಡುವುದು, ಹಾಲು ಇಳಿಯುವುದು ಕಾಣಿಸಿಕೊಳ್ಳಬಹುದು. ಮೂಗಿನ ಒಳಪದರ ಕೆಂಪೇರುತ್ತದೆ. ಕೆಲವು ದಿನಗಳಲ್ಲಿ ತಿಳಿನೀರು ದಪ್ಪ ಸಿಂಬಳವಾಗುತ್ತದೆ. ಬೇರೆ ಬ್ಯಾಕ್ಟೀರಿಯಾಗಳು ಸೇರಿಕೊಂಡು ನ್ಯುಮೋನಿಯಾ ಆಗದಿದ್ದರೆ ದನ ಐದರಿಂದ ಹತ್ತು ದಿನಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಇದನ್ನು ಸಾಮಾನ್ಯ ಶೀತವೆಂದು ತಿಳಿಯುವುದು ತೀರಾ ಸಹಜ.

ಹೋರಿಯ ಮೂಲಕ ಹರಡಿದಾಗ ಯೋನಿದ್ವಾರದ ಒಳಬದಿಯಲ್ಲಿ ಸಣ್ಣ ಬಿಳಿ ಗುಳ್ಳೆಗಳು, ಊತ, ಮೂತ್ರ ಮಾಡುವಾಗ ನೋವು, ಬಾಲವನ್ನು ಎತ್ತಿ ಹಿಡಿದೇ ನಿಲ್ಲುವುದು ಕಾಣುತ್ತದೆ. ಹೋರಿಯ ಶಿಶ್ನದ ಮೇಲೂ ಅಂತಹ ಗುಳ್ಳೆಗಳಾಗುತ್ತವೆ.

ಆದರೆ ಹೈನುಗಾರನಿಗೆ ನಿಜವಾದ ನಷ್ಟವನ್ನು ತರುವುದು ಗಬ್ಬದ ಹಾನಿ. ಈ ವೈರಾಣುವಿನಿಂದಾಗುವ ಗರ್ಭಪಾತ ಹೆಚ್ಚಾಗಿ ನಾಲ್ಕರಿಂದ ಎಂಟು ತಿಂಗಳ ನಡುವೆ ಆಗುತ್ತದೆ. ಸೋಂಕು ತಾಗಿದ ಕೂಡಲೇ ಆಗಬೇಕೆಂದಿಲ್ಲ, ವಾರಗಳು ಅಥವಾ ತಿಂಗಳುಗಳು ಕಳೆದ ಮೇಲೂ ಆಗಬಹುದು. ಹಾಗಾಗಿ ಕಂದು ಹಾಕಿದ ದನ ಅಂದು ಆರೋಗ್ಯವಾಗಿಯೇ ಕಾಣುತ್ತದೆ, ಎರಡು ತಿಂಗಳ ಹಿಂದಿನ ಮೂಗಿನ ನೀರನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಇವೇ ಲಕ್ಷಣಗಳಿಗೆ ಬೇರೆ ಕಾರಣಗಳೂ ಇವೆ. ಬ್ರುಸೆಲ್ಲೋಸಿಸ್, ಇಲಿಜ್ವರವೆಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್, ಬಿವಿಡಿ ಎಂಬ ಇನ್ನೊಂದು ವೈರಾಣು ರೋಗ, ಥೈಲೇರಿಯಾದಂತಹ ಉಣ್ಣಿಯಿಂದ ಬರುವ ಜ್ವರಗಳು, ಇವೆಲ್ಲವೂ ಗರ್ಭಪಾತಕ್ಕೆ ಕಾರಣವಾಗಬಲ್ಲವು. ಪದೇ ಪದೇ ಬೆದೆಗೆ ಬರುವುದಕ್ಕಂತೂ ಖನಿಜಾಂಶದ ಕೊರತೆ, ಬೆದೆಯ ಸಮಯವನ್ನು ತಪ್ಪಾಗಿ ಗುರುತಿಸಿದ್ದು, ಗರ್ಭಕೋಶದ ಸೋಂಕು ಎಂದು ಕಾರಣಗಳ ಪಟ್ಟಿಯೇ ಇದೆ. ಅನುಭವಿ ಪಶುವೈದ್ಯರೂ ಲಕ್ಷಣ ನೋಡಿ ಐಬಿಆರ್ ಎಂದು ಖಚಿತವಾಗಿ ಹೇಳಲಾರರು. ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಮೂರನೇ ಹೆಜ್ಜೆ: ಕಂದು ಹಾಕಿದ ದಿನ ಮಾಡಬೇಕಾದದ್ದು

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಈ ಭಾಗವನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಸತ್ತ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಐಬಿಆರ್ ನಮಗೆ ತಾಗದು, ಆದರೆ ಕಾರಣ ಬ್ರುಸೆಲ್ಲಾ ಆಗಿದ್ದರೆ ಅದು ಮನುಷ್ಯರಿಗೆ ತಾಗುತ್ತದೆ, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ಕೀಲುನೋವಿನಿಂದ ನರಳಿಸುತ್ತದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಯಾವ ಕಂದು ಯಾವ ಕಾರಣದ್ದು ಎಂದು ತಿಳಿಯುವುದಿಲ್ಲವಾದ್ದರಿಂದ ಪ್ರತಿ ಸಲವೂ ಕೈಗವಸು, ಮುಖಗವಸು ಧರಿಸಬೇಕು. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರು ಹಟ್ಟಿಗೆ ಹೋಗಬಾರದು. ಹಾಲನ್ನು ಕುದಿಸದೆ ಯಾರೂ ಕುಡಿಯಬಾರದು.

ಕಂದು ಹಾಕಿದ ದನವನ್ನು ಉಳಿದ ಗಬ್ಬದ ದನಗಳಿಂದ ದೂರ ಕಟ್ಟಿ, ಪಂಚಾಯತಿನ ಮೃಗಾಸ್ಪತ್ರೆಗೆ ಕೂಡಲೇ ಫೋನ್ ಮಾಡಿ. ಕಂದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಮೇಲೆ ಇನ್ನೊಂದು ಚೀಲ ಕಟ್ಟಿ, ಮಂಜುಗಡ್ಡೆಯ ನಡುವೆ ಇಡಿ. ಮನೆಯ ಫ್ರಿಜ್ಜಿನಲ್ಲಿ ಖಂಡಿತ ಇಡಬಾರದು. ನಮ್ಮ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಅಂಗಾಂಗಗಳು ಕೊಳೆಯಲು ತೊಡಗುತ್ತವೆ, ಕೊಳೆತದ್ದರಿಂದ ಫಲಿತಾಂಶ ಸಿಗುವುದು ಕಷ್ಟ. ಕಂದಿನ ಯಕೃತ್ತು, ಶ್ವಾಸಕೋಶ, ಗುಲ್ಮ, ಮೂತ್ರಪಿಂಡ ಮತ್ತು ಮಾಸಿನ ಗುಂಡಿಗಳಂತಹ ಭಾಗದ ತುಣುಕುಗಳನ್ನು ವೈದ್ಯರು ತೆಗೆದು ಕಳುಹಿಸುತ್ತಾರೆ. ಉಳಿದದ್ದನ್ನು ನಾಯಿ, ನರಿಗಳು ಅಗೆಯಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಟ್ಟಿಯ ನೆಲವನ್ನು ಮೊದಲು ತೊಳೆದು, ಆ ಮೇಲೆ ಸೋಂಕುನಿವಾರಕ ಹಾಕಬೇಕು. ಸೆಗಣಿ, ಕಸ ಉಳಿದಿರುವಲ್ಲಿ ಔಷಧ ಸುರಿದರೆ ಅದು ಕೆಲಸ ಮಾಡುವುದಿಲ್ಲ. ಕಂದು ಬಿದ್ದ ನೀರು ಕೆರೆಗೆ, ತೋಡಿಗೆ ಹರಿದು ಹೋಗದಂತೆ ನೋಡಿಕೊಳ್ಳಿ.

ಅದೇ ದಿನ ಆ ದನದ ರಕ್ತವನ್ನೂ ತೆಗೆಸಿ, ಎರಡು ಮೂರು ವಾರಗಳ ಬಳಿಕ ಇನ್ನೊಮ್ಮೆ ತೆಗೆಸಿ. ಎರಡನೆಯದರಲ್ಲಿ ಪ್ರತಿಕಾಯದ, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೋಟೀನಿನ, ಪ್ರಮಾಣ ನಾಲ್ಕು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಸೋಂಕು ಹೊಸದು. ಏರದಿದ್ದರೆ ಐಬಿಆರ್ ಅಲ್ಲ ಎಂದು ಮಾತ್ರ ತಿಳಿಯಬೇಡಿ: ಸೋಂಕಾಗಿ ಬಹುಕಾಲದ ಮೇಲೆ ಗರ್ಭಪಾತವಾಗಿದ್ದರೆ ಮೊದಲ ದಿನವೇ ಪ್ರತಿಕಾಯ ಪೂರ್ಣ ಮಟ್ಟದಲ್ಲಿ ಇದ್ದಿರುತ್ತದೆ. ಕಂದಿನ ಅಂಗಾಂಗಗಳಲ್ಲಿ ವೈರಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ ಅಷ್ಟು ಬೆಲೆ ಇರುವುದು ಇದೇ ಕಾರಣಕ್ಕೆ.

ನಾಲ್ಕನೇ ಹೆಜ್ಜೆ: ಸರಿಯಾದ ದನದಿಂದ, ಸರಿಯಾದ ಸಮಯದಲ್ಲಿ ಮಾದರಿ

ಮೂಗಿನಿಂದ ನೀರು ಸುರಿಯುವ ದನಗಳಿದ್ದರೆ, ದಪ್ಪ ಸಿಂಬಳ ಬಂದ ದನವನ್ನು ಬಿಟ್ಟು ಇನ್ನೂ ತಿಳಿನೀರು ಬರುತ್ತಿರುವ ದನವನ್ನು ಆರಿಸಬೇಕು. ವೈರಾಣು ಹೇರಳವಾಗಿ ಇರುವುದು ಆ ಮೊದಲ ದಿನಗಳಲ್ಲಿ. ಸಾಧ್ಯವಿದ್ದರೆ ಊರಿನ ಐದರಿಂದ ಹತ್ತು ದನಗಳಿಂದ ಮೂಗಿನ ಆಳಕ್ಕೆ ತಾಗುವಂತೆ ಸ್ವಾಬ್ (ಹತ್ತಿಯ ಕಡ್ಡಿಯ ಮಾದರಿ) ತೆಗೆಸಿ, ವೈರಾಣು ಸಾಗಿಸುವ ದ್ರವದಲ್ಲಿ ಹಾಕಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗನೆ ಕಳುಹಿಸಬೇಕು. ಒಣಗಿದ ಸ್ವಾಬಿನಿಂದ ಪ್ರಯೋಜನವಿಲ್ಲ.

ಕಾಯಿಲೆಯ ಲಕ್ಷಣ ಇಲ್ಲದಿರುವಾಗ ಊರಿನಲ್ಲಿ ಸೋಂಕು ಎಷ್ಟು ಹಬ್ಬಿದೆ ಎಂದು ತಿಳಿಯಲು ರಕ್ತದಲ್ಲಿ ಪ್ರತಿಕಾಯವನ್ನು ಹುಡುಕುವ ಎಲೈಸಾ ಪರೀಕ್ಷೆಯೇ ಸಾಧನ. ಕೆಂಪು ಮುಚ್ಚಳದ ನಳಿಕೆಯಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದು ಇಲ್ಲದ ನಳಿಕೆಯಲ್ಲಿ, ವೈದ್ಯರು ರಕ್ತ ತೆಗೆಯುತ್ತಾರೆ. ರಕ್ತ ಹೆಪ್ಪುಗಟ್ಟಿ ಸೀರಮ್ ಎಂಬ ತಿಳಿ ದ್ರವ ಬೇರೆಯಾಗುವವರೆಗೆ ನಳಿಕೆಯನ್ನು ನೆರಳಿನಲ್ಲಿ ಅಲುಗಾಡಿಸದೆ ಇಡಬೇಕು. ಇಡೀ ರಕ್ತವನ್ನು ಫ್ರೀಜರಿನಲ್ಲಿ ಇಟ್ಟರೆ ರಕ್ತಕಣಗಳು ಒಡೆದು ಸೀರಮ್ ಕೆಂಪಾಗಿ ಕೆಡುತ್ತದೆ. ನಳಿಕೆಯ ಮೇಲೆ ದನದ ಹೆಸರಿನ ಬದಲು ಕಿವಿಯೋಲೆಯ ಸಂಖ್ಯೆಯನ್ನೇ ಬರೆಯಬೇಕು. ಒಂದು ಊರಿನಲ್ಲಿ ಗೌರಿ ಎಂಬ ದನಗಳು ಹಲವು ಇರುತ್ತವೆ.

ಎಳೆಗರುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ತಾಯಿಯ ಗಿಣ್ಣು ಹಾಲಿನಿಂದ ಬಂದ ಪ್ರತಿಕಾಯ ಆರೇಳು ತಿಂಗಳವರೆಗೂ, ಕೆಲವೊಮ್ಮೆ ಒಂಬತ್ತು ತಿಂಗಳವರೆಗೂ ಕರುವಿನ ರಕ್ತದಲ್ಲಿ ಇರುತ್ತದೆ. ಆದುದರಿಂದ ಒಂಬತ್ತು ತಿಂಗಳು ದಾಟಿದವನ್ನು ಮಾತ್ರ ಆರಿಸುವುದು ಕ್ಷೇಮ.

ಮಾದರಿಗಳು ಮೃಗಾಸ್ಪತ್ರೆಯ ಮೂಲಕವೇ ಹೋಗಬೇಕು. ಕೇರಳದ ಪಶುಸಂಗೋಪನಾ ಇಲಾಖೆಯ ಪ್ರಾದೇಶಿಕ ರೋಗ ಪತ್ತೆ ಪ್ರಯೋಗಾಲಯ ಕಣ್ಣೂರಿನಲ್ಲಿದೆ, ರಾಜ್ಯ ಮಟ್ಟದ ಸಂಸ್ಥೆ ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯ ವಯನಾಡಿನ ಪೂಕೋಡಿನಲ್ಲಿದೆ. ದಕ್ಷಿಣದ ರಾಜ್ಯಗಳಿಗಾಗಿ ಇರುವ ಪ್ರಾದೇಶಿಕ ರೋಗ ಪತ್ತೆ ಪ್ರಯೋಗಾಲಯ ಬೆಂಗಳೂರಿನ ಹೆಬ್ಬಾಳದಲ್ಲಿದೆ; ಐಬಿಆರ್‌ನ ಎಲೈಸಾ ಕಿಟ್ ರೂಪಿಸಿ ದೇಶದ ಸಮೀಕ್ಷೆಗಳಲ್ಲಿ ಕೆಲಸ ಮಾಡಿರುವ ನಿವೇದಿ ಸಂಸ್ಥೆ ಅದೇ ನಗರದ ಯಲಹಂಕದಲ್ಲಿದೆ. ಯಾವ ಪರೀಕ್ಷೆಯನ್ನು ಆ ತಿಂಗಳು ಎಲ್ಲಿ ಮಾಡುತ್ತಿದ್ದಾರೆ ಎಂದು ಮೊದಲೇ ವೈದ್ಯರಿಂದ ವಿಚಾರಿಸಿ, ಆ ಮೇಲೆ ರಕ್ತ ತೆಗೆಸುವುದು ಜಾಣತನ. ಕಿಟ್ ಇಲ್ಲದ ಕಡೆಗೆ ಹೋದ ಮಾದರಿ ಕಾದು ಕಾದು ಕೆಡುತ್ತದೆ.

ಐದನೇ ಹೆಜ್ಜೆ: ಎಷ್ಟು ದನಗಳನ್ನು ಪರೀಕ್ಷಿಸಬೇಕು

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಅವನ್ನು ಬೆರೆಸಬಾರದು. ಊರಿನಲ್ಲಿ ಸೋಂಕು ಇದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಾದರೆ ಕಡಿಮೆ ಮಾದರಿ ಸಾಕು. ನೂರರಲ್ಲಿ ಹತ್ತು ದನಗಳಿಗಾದರೂ ಸೋಂಕಿರುವ ದೊಡ್ಡ ಸಮೂಹದಲ್ಲಿ ಕನಿಷ್ಠ ಒಂದು ಸೋಂಕಿತ ದನವನ್ನು ಶೇ. 95 ಭರವಸೆಯೊಡನೆ ಹಿಡಿಯಲು 29 ದನಗಳನ್ನು ಪರೀಕ್ಷಿಸಬೇಕು. ನೂರರಲ್ಲಿ ಐದಕ್ಕಾದರೆ 59. ನೂರರಲ್ಲಿ ಒಂದಕ್ಕಾದರೆ 299. ಎಷ್ಟು ಪ್ರಮಾಣದಲ್ಲಿದೆ ಎಂದು ಅಳೆಯಬೇಕಾದರೆ ಹೆಚ್ಚು ಬೇಕು: ಶೇ. 30ರ ಸುತ್ತಮುತ್ತ ಇರಬಹುದೆಂಬ ಊಹೆಯಿದ್ದು, ಹತ್ತು ಅಂಶ ಆಚೀಚೆಯಾದರೂ ಸರಿ ಎನ್ನುವುದಾದರೆ 81 ದನಗಳು, ಐದೇ ಅಂಶದ ನಿಖರತೆ ಬೇಕಾದರೆ 323. ಪರೀಕ್ಷೆ ತಪ್ಪೇ ಮಾಡುವುದಿಲ್ಲ, ದನಗಳನ್ನು ಚೀಟಿ ಎತ್ತಿದಂತೆ ಆರಿಸಲಾಗಿದೆ ಎಂಬ ಎರಡು ಊಹೆಗಳ ಮೇಲೆ ಈ ಸಂಖ್ಯೆಗಳು ನಿಂತಿವೆ.

ಎರಡನೆಯ ಊಹೆ ನಮ್ಮಲ್ಲಿ ಸುಲಭವಾಗಿ ಮುರಿಯುತ್ತದೆ. ಒಂದೇ ಹಟ್ಟಿಯಲ್ಲಿ ಮೂಗಿಗೆ ಮೂಗು ತಾಗಿಸಿ ನಿಲ್ಲುವ ದನಗಳಲ್ಲಿ ಒಂದಕ್ಕೆ ಸೋಂಕಿದ್ದರೆ ಪಕ್ಕದ್ದಕ್ಕೂ ಇರುವ ಸಂಭವ ಹೆಚ್ಚು. ಆದುದರಿಂದ ಎರಡು ದೊಡ್ಡ ಹಟ್ಟಿಗಳಿಂದ ಮೂವತ್ತು ಮಾದರಿ ತೆಗೆಯುವುದಕ್ಕಿಂತ ಹದಿನೈದು ಮನೆಗಳಿಂದ ಎರಡೆರಡು ತೆಗೆಯುವುದು ಊರಿನ ನಿಜಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಕಂದು ಹಾಕಿದ ದನಗಳನ್ನು ಮಾತ್ರ ಪರೀಕ್ಷಿಸಿ ಊರಿನ ಪ್ರಮಾಣ ಹೇಳಬಾರದು, ಅದು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಸಂಘದ ಸದಸ್ಯರ ಪಟ್ಟಿಯಿಂದ ಚೀಟಿ ಎತ್ತಿ ಮನೆಗಳನ್ನು ಆರಿಸಿ. ಸ್ವಂತ ಹಟ್ಟಿಯ ವಿಷಯವಷ್ಟೇ ಆದರೆ ಈ ಲೆಕ್ಕವೇ ಬೇಡ, ಒಂಬತ್ತು ತಿಂಗಳು ದಾಟಿದ ಎಲ್ಲವನ್ನೂ ಪರೀಕ್ಷಿಸಿ.

ಹಾಲಿನಿಂದಲೂ ಪ್ರತಿಕಾಯ ಪತ್ತೆ ಮಾಡಬಹುದು, ದನವನ್ನು ಚುಚ್ಚುವ ಅಗತ್ಯವಿಲ್ಲ. ಆದರೆ ಎಲ್ಲ ದನಗಳ ಹಾಲು ಬೆರೆತ ಪಾತ್ರೆಯಿಂದ ತೆಗೆದ ಮಾದರಿಯಲ್ಲಿ, ಹಾಲು ಕೊಡುವ ದನಗಳಲ್ಲಿ ಸುಮಾರು ಶೇ. 10ರಿಂದ 15ಕ್ಕಿಂತ ಹೆಚ್ಚಿನವಕ್ಕೆ ಸೋಂಕಿದ್ದಾಗ ಮಾತ್ರ ಪರೀಕ್ಷೆ ಸಾಮಾನ್ಯವಾಗಿ ಪಾಸಿಟಿವ್ ಬರುತ್ತದೆ. ಸಂಘದ ದೊಡ್ಡ ಕ್ಯಾನಿನ ಹಾಲು ನೆಗೆಟಿವ್ ಬಂದಿತೆಂದು ಊರಿನಲ್ಲಿ ರೋಗವಿಲ್ಲ ಎನ್ನಲು ಬರುವುದಿಲ್ಲ. ಅದರ ಬದಲು ಮನೆ ಮನೆಯ ಹಾಲನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ನಮ್ಮ ಸಣ್ಣ ಹಟ್ಟಿಗಳೇ ಅನುಕೂಲವಾಗುತ್ತವೆ. ನಾಲ್ಕು ದನಗಳ ಹಾಲಿನಲ್ಲಿ ಒಂದು ಸೋಂಕಿತ ದನದ್ದಿದ್ದರೆ ಅದು ನಾಲ್ಕನೇ ಒಂದು ಭಾಗವಾದ್ದರಿಂದ ತೀರಾ ತೆಳುವಾಗಿ ಹೋಗುವುದಿಲ್ಲ. ಬತ್ತಿದ ದನ, ಕಡಸು, ಹೋರಿಗಳು ಇದರಲ್ಲಿ ಬರುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಆರನೇ ಹೆಜ್ಜೆ: ವರದಿಯನ್ನು ಓದುವುದು

ವರದಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರುತ್ತದೆ. ವೈದ್ಯರೊಡನೆ ಕುಳಿತು ಪ್ರತಿ ಸಾಲನ್ನೂ ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ಐಬಿಆರ್ ಲಸಿಕೆ ಹಾಕಿಸದ, ಒಂಬತ್ತು ತಿಂಗಳು ದಾಟಿದ ದನದಲ್ಲಿ ಪ್ರತಿಕಾಯ ಪಾಸಿಟಿವ್ ಬಂದರೆ ಅದಕ್ಕೆ ಎಂದೋ ಸೋಂಕು ತಾಗಿದೆ, ವೈರಾಣು ಮೈಯಲ್ಲಿ ಅಡಗಿದೆ ಎಂದು ಭಾವಿಸಬೇಕು. ಇಂದು ಕಾಯಿಲೆ ಇದೆ ಎಂದಾಗಲಿ, ಮೊನ್ನೆಯ ಗರ್ಭಪಾತಕ್ಕೆ ಇದೇ ಕಾರಣ ಎಂದಾಗಲಿ ಅದರಿಂದ ಸಾಬೀತಾಗುವುದಿಲ್ಲ. ನೆಗೆಟಿವ್ ಬಂದರೆ ಸೋಂಕು ತಾಗಿಲ್ಲ, ಇಲ್ಲವೇ ತಾಗಿ ಇನ್ನೂ ಹತ್ತು ದಿನಗಳಾಗಿಲ್ಲ. ಸಂಶಯವಿದ್ದರೆ ಮೂರು ನಾಲ್ಕು ವಾರಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ತಾಯಿಯ ಪ್ರತಿಕಾಯವಿದ್ದಾಗಲೇ ಸೋಂಕು ತಗುಲಿಸಿಕೊಂಡ ಕೆಲವು ಕರುಗಳು ಮುಂದೆ ನೆಗೆಟಿವ್ ಆಗಿಯೇ ಕಂಡರೂ ಒಳಗೆ ವೈರಾಣುವನ್ನು ಹೊತ್ತಿರುವುದುಂಟು. ಅಂಥವು ವಿರಳ.

ಪಿಸಿಆರ್ ಪರೀಕ್ಷೆ ಹೇಳುವುದು ಬೇರೆ ವಿಷಯ. ಸ್ವಾಬಿನಲ್ಲಿ ಪಾಸಿಟಿವ್ ಬಂದರೆ ಆ ದನ ಈಗ ವೈರಾಣುವನ್ನು ಹೊರಬಿಡುತ್ತಿದೆ. ನೆಗೆಟಿವ್ ಬಂದರೆ ಆ ದಿನ ಹೊರಬಿಡುತ್ತಿಲ್ಲ, ಅಷ್ಟೇ. ನರಗಂಟಿನಲ್ಲಿ ಅಡಗಿದ ವೈರಾಣು ಮೂಗಿನ ಸ್ವಾಬಿಗೆ ಸಿಗುವುದಿಲ್ಲ. ವ್ಯಾಪಾರಿಯೊಬ್ಬರು ಪಿಸಿಆರ್ ನೆಗೆಟಿವ್ ಎಂಬ ಚೀಟಿ ತೋರಿಸಿದರೆ ಅದರ ಆಧಾರದ ಮೇಲೆ ದನ ಕೊಳ್ಳಬೇಡಿ, ಪ್ರತಿಕಾಯದ ಪರೀಕ್ಷೆಯ ವರದಿಯನ್ನು ಕೇಳಿ.

ಲಸಿಕೆ ಹಾಕಿಸಿದ ದನದಲ್ಲಿ ಸಾಮಾನ್ಯ ಎಲೈಸಾ ಯಾವಾಗಲೂ ಗೊಂದಲವನ್ನೇ ತರುತ್ತದೆ. ವೈರಾಣುವಿನ ಜಿಇ ಎಂಬ ಪ್ರೋಟೀನನ್ನು ತೆಗೆದು ತಯಾರಿಸಿದ ಗುರುತು ಲಸಿಕೆಯಾದರೆ, ಜಿಇ ಪ್ರತಿಕಾಯವನ್ನು ಮಾತ್ರ ಹುಡುಕುವ ಎಲೈಸಾದಿಂದ ಲಸಿಕೆಯ ಪ್ರತಿಕಾಯವನ್ನೂ ಸೋಂಕಿನ ಪ್ರತಿಕಾಯವನ್ನೂ ಬೇರ್ಪಡಿಸಬಹುದು. ಬೇರೆ ಲಸಿಕೆಯಾದರೆ ಹಾಗೆ ಬೇರ್ಪಡಿಸಲಾಗದು. ಆದ್ದರಿಂದ ಊರಿನ ಪರೀಕ್ಷೆ ಮುಗಿಯುವ ಮೊದಲೇ ಅವಸರದಿಂದ ಲಸಿಕೆ ಹಾಕಿಸಬಾರದು.

ಏಳನೇ ಹೆಜ್ಜೆ: ಲೆಕ್ಕ ಹಾಕಿ, ಲೆಕ್ಕದ ಒಳಗೆ ನೋಡುವುದು

ಪ್ರಮಾಣದ ಲೆಕ್ಕ ಸರಳ: ಪಾಸಿಟಿವ್ ಬಂದ ದನಗಳನ್ನು ಪರೀಕ್ಷಿಸಿದ ದನಗಳಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಅರ್ಥವಾಗುವುದಕ್ಕಾಗಿ ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳೋಣ. 20 ಮನೆಗಳ 72 ದನಗಳನ್ನು ಪರೀಕ್ಷಿಸಿ 18 ಪಾಸಿಟಿವ್ ಬಂದರೆ ದನಗಳ ಲೆಕ್ಕದಲ್ಲಿ ಪ್ರಮಾಣ ಶೇ. 25. ಆ 18 ದನಗಳು 8 ಮನೆಗಳಲ್ಲಿದ್ದರೆ ಹಟ್ಟಿಗಳ ಲೆಕ್ಕದಲ್ಲಿ ಶೇ. 40. ಎರಡೂ ಬೇಕು: ಮೊದಲನೆಯದು ಹೊರೆಯನ್ನೂ ಎರಡನೆಯದು ಹಬ್ಬುವಿಕೆಯನ್ನೂ ಹೇಳುತ್ತದೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಪಟ್ಟಿ ಮಾಡಿದ ಶ್ರಮವೆಲ್ಲ ವ್ಯರ್ಥ. ಅದೇ 72ರಲ್ಲಿ ಕೊಂಡು ತಂದದ್ದು 30, ಅವುಗಳಲ್ಲಿ ಪಾಸಿಟಿವ್ 15, ಅಂದರೆ ಶೇ. 50, ಮನೆಯಲ್ಲೇ ಹುಟ್ಟಿದ್ದು 42, ಅವುಗಳಲ್ಲಿ 3, ಅಂದರೆ ಶೇ. 7 ಎಂದಾದರೆ ಚಿತ್ರ ಸ್ಪಷ್ಟವಾಗುತ್ತದೆ. ವೈರಾಣು ಬರುತ್ತಿರುವುದು ಖರೀದಿಯ ದಾರಿಯಿಂದ. ಆ ಮೂರರ ಪ್ರಾಯವನ್ನೂ ನೋಡಿ. ಎಂಟು ವರ್ಷದ ಹಳೆಯ ದನದ ಪ್ರತಿಕಾಯ ಎಂದೋ ಆದ ಸೋಂಕಿನದಿರಬಹುದು. ಆದರೆ ಮನೆಯಲ್ಲೇ ಹುಟ್ಟಿ ಬೆಳೆದ ಹದಿನಾಲ್ಕು ತಿಂಗಳ ಕಡಸು ಪಾಸಿಟಿವ್ ಬಂದರೆ ಅದರ ಸಣ್ಣ ಬದುಕಿನ ಒಳಗೇ, ಅಂದರೆ ಕಳೆದ ಹದಿನಾಲ್ಕು ತಿಂಗಳೊಳಗೇ, ಆ ಹಟ್ಟಿಯಲ್ಲಿ ವೈರಾಣು ಓಡಾಡಿದೆ. ನಾನಾಗಿದ್ದರೆ ಊರಿನ ಒಟ್ಟು ಶೇಕಡಾವಾರಿಗಿಂತ ಮೊದಲು 9ರಿಂದ 24 ತಿಂಗಳ ಕಡಸುಗಳ ಫಲಿತಾಂಶವನ್ನು ನೋಡುತ್ತೇನೆ. ಅವೆಲ್ಲ ನೆಗೆಟಿವ್ ಆಗಿದ್ದರೆ ಎಳೆಯ ಪೀಳಿಗೆಯನ್ನು ಹಾಗೆಯೇ ಕಾಪಾಡಿ ಕೆಲವೇ ವರ್ಷಗಳಲ್ಲಿ ಹಟ್ಟಿಯನ್ನು ಸೋಂಕುಮುಕ್ತಗೊಳಿಸಲು ಸಾಧ್ಯವಿದೆ.

ಎಂಟನೇ ಹೆಜ್ಜೆ: ತಿಳಿದ ಮೇಲೆ ಮಾಡಬೇಕಾದದ್ದು

ಪಾಸಿಟಿವ್ ಬಂದ ದನವನ್ನು ಗುಟ್ಟಾಗಿ ಮಾರಬೇಡಿ. ಲಾರಿಯ ಪ್ರಯಾಣದ ದಣಿವೇ ಅಡಗಿದ ವೈರಾಣುವನ್ನು ಎಬ್ಬಿಸುತ್ತದೆ, ಅದು ತಲುಪುವ ಹಟ್ಟಿಯಲ್ಲಿ ಇನ್ನೊಬ್ಬರ ಗಬ್ಬದ ದನಗಳಿರುತ್ತವೆ. ನಿಮ್ಮ ಹಟ್ಟಿಗೂ ಅದು ಬಂದದ್ದು ಅಂತಹ ಒಂದು ಮಾರಾಟದಿಂದಲೇ ಇರಬಹುದು. ಹಾಲು ಚೆನ್ನಾಗಿ ಕೊಡುವ, ಗಬ್ಬ ನಿಲ್ಲುವ ಪಾಸಿಟಿವ್ ದನವನ್ನು ಸಾಕುತ್ತಲೇ ಹಟ್ಟಿಯನ್ನು ಸಂಭಾಳಿಸಬಹುದು. ಅಂತಹ ದನವನ್ನು ಸಾಲಿನ ಒಂದು ತುದಿಯಲ್ಲಿ ಕಟ್ಟಿ, ಅಕ್ಕಚ್ಚಿನ ಪಾತ್ರೆಯನ್ನೂ ನೀರಿನ ಬಾಲ್ದಿಯನ್ನೂ ಬೇರೆ ಇಡಿ, ಹಾಲು ಕರೆಯುವಾಗ ಅದರ ಸರದಿ ಕೊನೆಗಿರಲಿ. ಅದು ಕರು ಹಾಕುವ ಹೊತ್ತಿಗೆ ಗಬ್ಬದ ಬೇರೆ ದನಗಳನ್ನು ದೂರ ಸರಿಸಿ. ಅದಕ್ಕೆ ಬೇರೆ ಯಾವ ಕಾಯಿಲೆಗೆ ಚಿಕಿತ್ಸೆ ಕೊಡಿಸುವಾಗಲೂ ಐಬಿಆರ್ ಪಾಸಿಟಿವ್ ಎಂದು ವೈದ್ಯರಿಗೆ ಮೊದಲೇ ಹೇಳಿ, ಏಕೆಂದರೆ ಡೆಕ್ಸಾಮೆಥಾಸೋನಿನಂತಹ ಸ್ಟಿರಾಯ್ಡ್ ಕೊಟ್ಟರೆ ವೈರಾಣು ಮತ್ತೆ ಹೊರಬರುತ್ತದೆ. ವೈರಾಣುವನ್ನು ಮೈಯಿಂದ ತೊಲಗಿಸುವ ಮದ್ದು ಇಲ್ಲ. ಆ್ಯಂಟಿಬಯೋಟಿಕ್ ಕೊಡುವುದು ಜೊತೆಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾಗಳಿಗಾಗಿ ಮಾತ್ರ.

ಊರಿನ ಹೋರಿಯನ್ನು ಪರೀಕ್ಷಿಸದೆ ಯಾವ ದನದ ಮೇಲೂ ಬಿಡಬಾರದು. ಗಿಡ್ಡ ತಳಿಯ ದನಗಳನ್ನು ಸಾಕುವವರಲ್ಲಿ ಹೋರಿಯನ್ನು ಹಂಚಿಕೊಳ್ಳುವ ರೂಢಿ ಇನ್ನೂ ಇದೆ; ತಳಿಯನ್ನು ಉಳಿಸುವ ಆ ಒಳ್ಳೆಯ ಕೆಲಸದಲ್ಲಿ ಒಂದು ಪಾಸಿಟಿವ್ ಹೋರಿ ಹತ್ತು ಹಟ್ಟಿಗಳಿಗೆ ಸೋಂಕು ಒಯ್ಯಬಲ್ಲದು. ಕೃತಕ ಗರ್ಭಧಾರಣೆಯಾದರೆ ಹೋರಿಗಳನ್ನು ನಿಯಮಿತವಾಗಿ ಪರೀಕ್ಷಿಸುವ ಮಾನ್ಯತೆ ಪಡೆದ ಕೇಂದ್ರಗಳ ವೀರ್ಯವನ್ನೇ ಕೇಳಿ. ದ್ರವ ಸಾರಜನಕದ ಚಳಿಯಲ್ಲಿ ವೀರ್ಯದಂತೆ ವೈರಾಣುವೂ ಕೆಡದೆ ಉಳಿಯುತ್ತದೆ.

ಹೊಸ ದನ ಕೊಳ್ಳುವ ಮೊದಲು ಮಾರುವವರ ಹಟ್ಟಿಯಲ್ಲಿಯೇ ರಕ್ತ ತೆಗೆಸಿ, ಫಲಿತಾಂಶ ಬಂದ ಮೇಲೆ ಮುಂಗಡ ಕೊಡಿ. ನೆಗೆಟಿವ್ ಬಂದ ದನವನ್ನು ತಂದ ಮೇಲೂ 30 ದಿನ ಹಟ್ಟಿಯಿಂದ ದೂರ, ಬೇರೆ ಮಾಡಿನಡಿಯಲ್ಲಿ ಕಟ್ಟಿ, ಮೂರು ವಾರ ಕಳೆದ ಮೇಲೆ ಇನ್ನೊಮ್ಮೆ ರಕ್ತ ತೆಗೆಸಬೇಕು. ದಾರಿಯಲ್ಲಿ ತಾಗಿದ ಸೋಂಕು ಮೊದಲ ಪರೀಕ್ಷೆಯಲ್ಲಿ ಕಾಣಿಸಿರುವುದಿಲ್ಲ. ಆ ದನವನ್ನು ನೋಡಿಕೊಳ್ಳುವವರು ಮೊದಲು ಮನೆಯ ದನಗಳ ಕೆಲಸ ಮುಗಿಸಿ, ಆ ಮೇಲೆ ಅತ್ತ ಹೋಗಲಿ. ಎರಡನೇ ವರದಿ ನೆಗೆಟಿವ್ ಎಂದು ಕೈಗೆ ಬಂದ ಬಳಿಕವೇ ಅದನ್ನು ಸಾಲಿಗೆ ಸೇರಿಸಿ, ಪುಸ್ತಕದಲ್ಲಿ ಅದರ ಸಾಲಿನಲ್ಲಿ ಎರಡೂ ಪರೀಕ್ಷೆಗಳ ತಾರೀಕನ್ನು ಬರೆದಿಡಿ.